ಸಾಕ್ಷಿ ಹೇಳುವ ಮೊದಲೇ ದೀಪ ಹಾಕಿದವರು

ಮಾನ್ಯರೇ,

ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಭಾನುವಾರ ತೋರಿಸಿದ ‘ಬೂಮ್ ಟೌನ್’ ಎಂಬ ಹಳೆಯ ಹಾಲಿವುಡ್ ಚಿತ್ರ ‘ಪ್ರೇಕ್ಷಕರ ಮನಸೂರೆಗೊಂಡಿತು’ ಎಂಬ ನಿನ್ನೆಯ ವರದಿಯನ್ನು ಓದಿ ಮೈ ಉರಿಯಿತು. ಸೂರೆ ಹೋದದ್ದು ನಮ್ಮ ಸಂಜೆ. ಚಿತ್ರದ ಕೊನೆಯ ಭಾಗವನ್ನು ಶಾಲು, ಹಾರ, ಹಣ್ಣಿನ ಬುಟ್ಟಿಗಳು ನುಂಗಿ ಹಾಕಿದ ಸಂಗತಿ ನಿಮ್ಮ ವರದಿಗಾರರಿಗೆ ಕಾಣಲೇ ಇಲ್ಲವೇ? ಅಥವಾ ಅವರೂ ಉಪಾಹಾರ ಮುಗಿಸಿ ಹೊರಟುಬಿಟ್ಟಿದ್ದರೋ?

ಐದು ಗಂಟೆಗೆ ಸರಿಯಾಗಿ ಎಂದು ಕರಪತ್ರದಲ್ಲಿ ಅಚ್ಚಾಗಿತ್ತು. ಮುಖ್ಯ ಅತಿಥಿಗಳಾದ ಅಧಿಕಾರಿಗಳು ದಯಮಾಡಿಸುವವರೆಗೆ ಪರದೆ ಬೆಳಗಲಿಲ್ಲ. ಮಂಡಿನೋವಿನ ನನ್ನ ಪತ್ನಿಯನ್ನು ದುಪ್ಪಟ್ಟು ಬಾಡಿಗೆಯ ಆಟೊದಲ್ಲಿ ಕರೆತಂದಿದ್ದೆ. ಸಿಕ್ಕಿದ್ದು ಫ್ಯಾನಿಲ್ಲದ ಮೂಲೆ. ಶೌಚಾಲಯಕ್ಕೆ ಬೀಗ, ಕೀಲಿಕೈ ಕಾವಲುಗಾರನ ಬಳಿ, ಕಾವಲುಗಾರ ಅತಿಥಿಗಳ ಕಾರಿನ ಬಳಿ!

ವರದಿಯಲ್ಲಿ ಇದನ್ನು ‘ಒಬ್ಬ ಹೆಣ್ಣಿಗಾಗಿ ಕಾದಾಡುವ ಇಬ್ಬರು ಗೆಳೆಯರ ಕಥೆ’ ಎಂದು ಬರೆಯಲಾಗಿದೆ. 1940ರ ಈ ಚಿತ್ರದಲ್ಲಿ ನಟಿಯರಾದ ಕ್ಲಾಡೆಟ್ ಕೋಲ್ಬರ್ಟ್ ಇದ್ದಾರೆ, ಹೆಡಿ ಲಮಾರ್ ಇದ್ದಾರೆ, ನಿಜ. ಆದರೆ ಕಥೆಯ ಪ್ರಾಣವಿರುವುದು ಎಣ್ಣೆಯಲ್ಲಿ, ಅಂದರೆ ನೆಲದಡಿಯ ಕಚ್ಚಾ ತೈಲದಲ್ಲಿ. ಟೆಕ್ಸಾಸ್‌ನ ಬರ್ಕ್‌ಬರ್ನೆಟ್ ಎಂಬ ಕೆಸರಿನ ಊರಿನಲ್ಲಿ 1918ರ ಎಣ್ಣೆ ಹುಚ್ಚಿನ ಹೊತ್ತಿಗೆ ಬರಿಗೈಯಲ್ಲಿ ಜೊತೆಗೂಡುವ ಕ್ಲಾರ್ಕ್ ಗೇಬಲ್ ಮತ್ತು ಸ್ಪೆನ್ಸರ್ ಟ್ರೇಸಿ, ಬೇರೊಬ್ಬನ ಕೊರೆಯುವ ಸಾಮಾನು ಎಗರಿಸಿ ಬಾವಿ ತೋಡುತ್ತಾರೆ. ಸಿರಿವಂತರಾಗುತ್ತಾರೆ, ಜಗಳವಾಡಿ ಬೇರೆಯಾಗುತ್ತಾರೆ, ಒಬ್ಬರನ್ನೊಬ್ಬರು ಮುಳುಗಿಸಲು ನೋಡುತ್ತಾರೆ. ಉರಿಯುವ ಎಣ್ಣೆಬಾವಿಯ ದೃಶ್ಯಕ್ಕೆ ಸಭಾಂಗಣದ ಮಕ್ಕಳೆಲ್ಲ ಕುರ್ಚಿಯ ತುದಿಗೆ ಬಂದಿದ್ದರು. ಕಪ್ಪು ಬಿಳುಪಿನಲ್ಲಿ ಅಂಥ ಬೆಂಕಿ! ಗೇಬಲ್ ಮತ್ತು ಟ್ರೇಸಿ ಜೊತೆಯಾಗಿ ನಟಿಸಿದ್ದು ಮೂರೇ ಚಿತ್ರಗಳಲ್ಲಿ, ಇದು ಕೊನೆಯದು.

ಇಷ್ಟೆಲ್ಲ ಹಗೆಯ ಬಳಿಕ ಗೇಬಲ್‌ನ ಪಾತ್ರದ ಮೇಲೆ ಏಕಸ್ವಾಮ್ಯದ, ಅಂದರೆ ಎಣ್ಣೆ ವ್ಯಾಪಾರವನ್ನೆಲ್ಲ ಒಬ್ಬನೇ ಕೈವಶ ಮಾಡಿಕೊಳ್ಳಲು ಹೊರಟನೆಂಬ, ಮೊಕದ್ದಮೆ ಬೀಳುತ್ತದೆ. ಆಗ ಅವನ ಪರವಾಗಿ ಸಾಕ್ಷಿ ಹೇಳಲು ಕಟಕಟೆ ಹತ್ತುವವನು ಅದೇ ಟ್ರೇಸಿ. ನೆಲದೊಳಗಿನ ಎಣ್ಣೆಯನ್ನು ಒಮ್ಮೆಗೇ ಹೀರಿ ಬರಿದು ಮಾಡಬಾರದೆಂಬುದು ಈತನ ಉದ್ದೇಶ ಎಂದು ವೈರಿಯ ಪರ ವಾದಿಸುತ್ತಾನೆ. ನಾವು ಅಷ್ಟು ಹೊತ್ತು ಕಾದದ್ದೇ ಆ ಮಾತಿಗೆ. ನ್ಯಾಯಾಲಯ ಪರದೆಯ ಮೇಲೆ ಬಂತು, ದೀಪಗಳು ಹತ್ತಿದವು. ‘ಸಮಯದ ಅಭಾವದಿಂದ’ ಸನ್ಮಾನ ಆರಂಭವಾಯಿತು. ತಡವಾಗಿ ಬಂದವರಿಗೇ ಸಮಯದ ಅಭಾವ! ಅವರ ಭಾಷಣಕ್ಕೆ ಮಾತ್ರ ಯಾವ ಅಭಾವವೂ ಇರಲಿಲ್ಲ. ‘ಇಂಥ ಚಿತ್ರಗಳನ್ನು ಪೂರ್ತಿ ನೋಡಿ’ ಎಂದು ನಮಗೇ ಬುದ್ಧಿ ಹೇಳಿದರು.

ಈ ಭವನದ ಮಾಳಿಗೆ ಸೋರುವ ಬಗ್ಗೆ ಕೊಟ್ಟ ಅರ್ಜಿಗಳಿಗೆ ಸ್ವೀಕೃತಿ ಮುದ್ರೆ ಬಿದ್ದಿದೆ, ತಾರಸಿಗೆ ಸಿಮೆಂಟ್ ಬಿದ್ದಿಲ್ಲ. ಎದುರಿನ ಚರಂಡಿಗೆ ಹಾಸಿದ ಕಲ್ಲು ಮುರಿದಿದೆ. ಬೀದಿದೀಪ ಅತಿಥಿಗಳು ಬರುವ ದಿನ ಮಾತ್ರ ಉರಿಯುತ್ತದೆ. ಗ್ರಂಥಾಲಯದ ಕೋಣೆಯನ್ನು ಗೋದಾಮು ಮಾಡಿಕೊಂಡಿದ್ದಾರೆ. ಹೇಳುವವರು ಕೇಳುವವರು ಯಾರಾದರೂ ಇದ್ದಾರೆಯೇ?

ಸಂಘಟಕರು ಚಿತ್ರವನ್ನು ಮತ್ತೊಮ್ಮೆ ಪೂರ್ತಿಯಾಗಿ ತೋರಿಸಲಿ. ಇಲ್ಲವಾದರೆ ಟಿಕೆಟ್ ಹಣ ವಾಪಸು ಕೊಡಲಿ. ಸಂಬಂಧಪಟ್ಟವರು ಮೊದಲು ಮಾಳಿಗೆ ನೋಡಲಿ; ಅದೂ ಆಗದಿದ್ದರೆ ಸಿನಿಮಾಕ್ಕೆ ಅತಿಥಿಗಳನ್ನು ಕರೆಯುವ ಚಟವನ್ನಾದರೂ ಬಿಡಲಿ. ಸ್ವಲ್ಪವಾದರೂ ನಾಚಿಕೆ ಬೇಡವೇ?

– ನೊಂದ ಪ್ರೇಕ್ಷಕ, ಬೆಂಗಳೂರು