ಮಹಿಳಾ ದೈವಶಾಸ್ತ್ರ ವಾಚನಾಲಯದ ಚಾವಣಿ ದುರಸ್ತಿಗೆ ದೇಣಿಗೆ ಮನವಿ

ಕ್ರಿಸ್ತನಲ್ಲಿ ಪ್ರಿಯ ಸಹೋದರ ಸಹೋದರಿಯರಿಗೆ ಟ್ರಸ್ಟಿಗಳ ವಂದನೆಗಳು.

ಶಿವಾಜಿನಗರದ ನಮ್ಮ ವಾಚನಾಲಯವನ್ನು ನಿಮಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ನಿಮ್ಮಲ್ಲಿ ಅನೇಕರ ತಾಯಂದಿರು, ಅಜ್ಜಿಯರು ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದೊಂದು ಹಿಡಿ ತೆಗೆದಿಟ್ಟು, ಅದನ್ನು ಮಾರಿ ಬಂದ ಹಣದಿಂದಲೇ ಇಲ್ಲಿನ ಮೊದಲ ಕಪಾಟುಗಳನ್ನು ಮಾಡಿಸಿಕೊಟ್ಟರು. ಆ ಕಪಾಟುಗಳಿದ್ದ ಹಿಂದಿನ ಕೋಣೆಯ ಹೆಂಚಿನ ಚಾವಣಿ ಕಳೆದ ವಾರದ ಮಳೆಗೆ ಎರಡು ಕಡೆ ಕುಸಿದಿದೆ. ಗೆದ್ದಲು ತಿಂದ ರೀಪುಗಳು ನೆನೆದ ಹೆಂಚುಗಳ ಭಾರವನ್ನು ತಾಳಲಿಲ್ಲ.

ಅದರ ನೇರ ಕೆಳಗಿದ್ದದ್ದು ಬೈಬಲ್ ಸ್ತ್ರೀಯರ ದಿನಚರಿ ಪುಸ್ತಕಗಳು. ಮನೆಮನೆಗೆ ನಡೆದು ಹೋಗಿ ಹೆಣ್ಣುಮಕ್ಕಳಿಗೆ ದೇವರ ವಾಕ್ಯವನ್ನೂ ಅಕ್ಷರವನ್ನೂ ಕಲಿಸಿದ ಈ ತಾಯಂದಿರು ಮಿಶನ್ ವರದಿಗಳಲ್ಲಿ ಹಲವೊಮ್ಮೆ ಹೆಸರಿಲ್ಲದೆ ಬಂದು ಹೋಗುತ್ತಾರೆ. ಯಾರ ಮನೆಗೆ ಹೋದೆ, ಯಾರು ‘ಅ ಆ’ ದಾಟಿದರು, ಯಾವ ಬಾಗಿಲು ಮತ್ತೆ ತೆರೆಯಲಿಲ್ಲ ಎಂದು ಅವರೇ ಬರೆದಿಟ್ಟ ಪುಟಗಳಲ್ಲಿ ಈಗ ನೀಲಿ ಶಾಯಿ ಹರಡಿಕೊಂಡಿದೆ. ಹಾಳೆಗಳ ನಡುವೆ ಹಳೆಯ ಪತ್ರಿಕೆ ಇಟ್ಟು, ಫ್ಯಾನಿನ ಕೆಳಗೆ ಒಣಗಿಸುತ್ತಿದ್ದೇವೆ. ಕೆಲವು ರಟ್ಟುಗಳಿಗೆ ಆಗಲೇ ಬೂಷ್ಟು ಹತ್ತಿದೆ.

ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಿಂದ ನಡೆದುಬಂದಿರುವ ಈ ಊರಿನಲ್ಲಿ ದೈವಶಾಸ್ತ್ರದ ಉನ್ನತ ಓದು ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಸಾಗುತ್ತದೆ. ನಮ್ಮಲ್ಲಿಗೆ ಬರುವವರು ವಾರದಲ್ಲಿ ಆರು ದಿನ ಗಾರ್ಮೆಂಟ್ಸ್‌ನಲ್ಲಿ ಹೊಲಿದು, ಭಾನುವಾರದ ಆರಾಧನೆ ಮುಗಿಸಿ, ಪೀಣ್ಯ, ಕಾಮಾಕ್ಷಿಪಾಳ್ಯಗಳಿಂದ ಬಸ್ಸು ಬದಲಿಸಿಕೊಂಡು ಬರುವ ಹೆಣ್ಣುಮಕ್ಕಳು. ಮನೆಯಲ್ಲಿ ಓದುವುದಕ್ಕೆ ಒಂದು ಮೂಲೆಯೂ ಇಲ್ಲದ ಅವರು ಕನ್ನಡದಲ್ಲಿ ಕ್ರೈಸ್ತ ಸಭೆಯ ಚರಿತ್ರೆಯನ್ನು ಓದಿ ಚರ್ಚಿಸುವುದು ಈ ಕೋಣೆಯಲ್ಲಿ ಮಾತ್ರ.

ಅವರಿಗೆ ಮೊದಲು ಓದಿಸುವುದು ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೆಯ ಅಧ್ಯಾಯವನ್ನು. ಅಲ್ಲಿ ಅಪೊಸ್ತಲ ಪೌಲನು ಕೆಂಖ್ರೆ ಊರಿನ ಸಭೆಯ ಫೊಯಿಬೆ ಎಂಬ ಸಹೋದರಿಯನ್ನು ಆದರದಿಂದ ಬರಮಾಡಿಕೊಳ್ಳಿರೆಂದು ಹೇಳಿ, ಗಂಡ ಅಕ್ವಿಲನಿಗಿಂತ ಮೊದಲು ಪ್ರಿಸ್ಕಿಲ್ಲಳಿಗೆ ವಂದನೆ ಕಳುಹಿಸುತ್ತಾನೆ. ನಾಲ್ಕನೆಯ ಶತಮಾನದ ಬಿಷಪ್ ನಿಸ್ಸದ ಗ್ರೆಗೋರಿ, ಮರಣಶಯ್ಯೆಯಲ್ಲಿದ್ದ ಅಕ್ಕ ಮಕ್ರೀನಳೇ ತನಗೆ ಆತ್ಮ ಮತ್ತು ಪುನರುತ್ಥಾನದ ವಿಚಾರವನ್ನು ಬೋಧಿಸಿದಳೆಂದು ಬರೆದು, ಅವಳನ್ನು ಗುರುವೆಂದೇ ಕರೆದಿದ್ದಾನೆ. ಆದರೆ ತರಗತಿ ಹೆಚ್ಚು ಹೊತ್ತು ನಿಲ್ಲುವುದು ಪೆರ್ಪೆತುವಳ ಬಳಿ. 203ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ನಂಬಿಕೆಗಾಗಿ ಪ್ರಾಣಕೊಟ್ಟು ರಕ್ತಸಾಕ್ಷಿಯಾದ ಆಕೆ, ಮೊಲೆಯುಣ್ಣುವ ಕೂಸಿನ ಚಿಂತೆಯನ್ನೂ ತಂದೆಯ ಕಣ್ಣೀರನ್ನೂ ಸೆರೆಮನೆಯಲ್ಲೇ ಬರೆದಿಟ್ಟಳು. ಕೂಸನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ದುಡಿಯುವ ನಮ್ಮ ವಿದ್ಯಾರ್ಥಿನಿಯರಿಗೆ ಆ ಪುಟಗಳನ್ನು ಯಾರೂ ವಿವರಿಸಬೇಕಾಗಿಲ್ಲ.

ಇಂಥವರಿಗೆ ಮನ್ನಣೆ ತಡವಾಗಿಯೇ ಬಂದಿದೆ. 1582ರಲ್ಲಿ ತೀರಿಕೊಂಡ ಸ್ಪೇನಿನ ಸನ್ಯಾಸಿನಿ ಆವಿಲದ ತೆರೇಸರಿಗೆ ಕಥೋಲಿಕ ಧರ್ಮಸಭೆಯ ಪಂಡಿತೆ ಎಂಬ ಪದವಿ ದೊರೆತದ್ದು 1970ರಲ್ಲಿ. 1179ರಲ್ಲಿ ತೀರಿಕೊಂಡ ಜರ್ಮನಿಯ ಸನ್ಯಾಸಿನಿ ಬಿಂಗೆನ್ನಿನ ಹಿಲ್ಡೆಗಾರ್ಡರಿಗೆ 2012ರಲ್ಲಿ. ನಮ್ಮ ನಾಡೂ ಇದಕ್ಕೆ ಹೊರತಲ್ಲ. 1947ರಲ್ಲಿ ಉದಯಿಸಿದ ದಕ್ಷಿಣ ಭಾರತ ಸಭೆಯು (ಸಿ.ಎಸ್.ಐ.) ಮೊದಲ ಮಹಿಳೆಗೆ ಗುರುದೀಕ್ಷೆ ಕೊಟ್ಟದ್ದು 1976ರಲ್ಲಿ, ಮೊದಲ ಮಹಿಳಾ ಬಿಷಪ್ಪರಾಗಿ ಪುಷ್ಪಲಲಿತಾ ಅವರನ್ನು ಅಭಿಷೇಕಿಸಿದ್ದು 2013ರಲ್ಲಿ. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿ, ಬೈಬಲನ್ನು ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ಮರಾಠಿಗೆ ತಂದ ಪಂಡಿತಾ ರಮಾಬಾಯಿಯವರನ್ನು ಕನ್ನಡಿಗರು ಇನ್ನಷ್ಟು ನೆನೆಯಬೇಕಿತ್ತು ಎಂಬ ಕೊರಗು ನಮ್ಮದು. ಅವರ ಕುರಿತು ಹಿರಿಯ ಸಹೋದರಿಯೊಬ್ಬರು ಸಿದ್ಧಪಡಿಸಿದ ಕನ್ನಡ ಪಾಠಗಳನ್ನು ಹಲವು ಸಭೆಗಳ ಸ್ತ್ರೀ ಸಂಘಗಳು ಇಂದಿಗೂ ಬಳಸುತ್ತಿವೆ. ನಮ್ಮ ತರಗತಿಯಲ್ಲಿ ಕುಳಿತವರಲ್ಲಿ ಕೆಲವರು ಈಗ ಸಭಾಪಾಲಕರಾಗಿದ್ದಾರೆ. ಹೇಳಿಕೊಳ್ಳಬಾರದೇನೋ, ಆದರೆ ಇದು ನಮಗೆ ಬಹಳ ಹೆಮ್ಮೆಯ ಸಂಗತಿ.

ಹೆಂಚು, ರೀಪು, ತೊಲೆ ಎಲ್ಲವನ್ನೂ ಬದಲಿಸಲು 9 ಲಕ್ಷ ರೂಪಾಯಿಯ ಆಸುಪಾಸು ತಗಲುತ್ತದೆ. ಮರದ ಬದಲು ಕಬ್ಬಿಣ ಹಾಕಿದರೆ ಸ್ವಲ್ಪ ಇಳಿಯಬಹುದು. ಒದ್ದೆಯಾದ ದಿನಚರಿಗಳ ಸಂರಕ್ಷಣೆ, ಸ್ಕ್ಯಾನಿಂಗ್ ಮತ್ತು ಹೊಸ ಕಪಾಟುಗಳೂ ಸೇರಿದರೆ ಒಟ್ಟು 14–15 ಲಕ್ಷ ಬೇಕಾದೀತು. ಹಿಂಗಾರು ಬಲಗೊಳ್ಳುವ ಮುನ್ನ ಕೆಲಸ ಆರಂಭಿಸಲು ಗುತ್ತಿಗೆದಾರರು ಈ ತಿಂಗಳ ಕೊನೆಯೊಳಗೆ ಅರ್ಧ ಹಣವನ್ನು ಮುಂಗಡವಾಗಿ ಕೇಳಿದ್ದಾರೆ. ನಮ್ಮ ಕೈಯಲ್ಲಿರುವುದು ಅದರ ಕಾಲುಭಾಗವೂ ಇಲ್ಲ. ಅಲ್ಲಿಯವರೆಗೆ ಟಾರ್ಪಾಲು ಕಟ್ಟಿ, ತರಗತಿಯನ್ನು ಮುಂದಿನ ವರಾಂಡಕ್ಕೆ ಸಾಗಿಸಿದ್ದೇವೆ.

ದೇಣಿಗೆಯನ್ನು ಟ್ರಸ್ಟಿನ ಹೆಸರಿಗೆ ಚೆಕ್ ಮೂಲಕ ಕಳುಹಿಸಬಹುದು, ಇಲ್ಲವೇ ಭಾನುವಾರ ಮಧ್ಯಾಹ್ನ ವಾಚನಾಲಯಕ್ಕೇ ಬಂದು ಕೊಟ್ಟು ರಸೀದಿ ಪಡೆಯಬಹುದು. ಹಣ ಕೊಡಲಾಗದವರು ಹಾಳೆ ಬಿಡಿಸಿ ಒಣಗಿಸಲು ಒಂದು ಮಧ್ಯಾಹ್ನ ಬಂದರೂ ಉಪಕಾರವಾಗುತ್ತದೆ. ನಿಮ್ಮ ಅಜ್ಜಿಯೋ ದೊಡ್ಡಮ್ಮನೋ ಬೈಬಲ್ ಸ್ತ್ರೀಯಾಗಿದ್ದು, ಅವರ ಬರಹ ಮನೆಯಲ್ಲಿ ಉಳಿದಿದ್ದರೆ ದಯವಿಟ್ಟು ಅದನ್ನೂ ತಿಳಿಸಿ. ಚಾವಣಿ ಸಿದ್ಧವಾದ ಮೇಲೆ ಅದರ ಪ್ರತಿ ಮಾಡಿಕೊಂಡು ಮೂಲವನ್ನು ನಿಮಗೇ ಹಿಂದಿರುಗಿಸುತ್ತೇವೆ.

ಕರ್ತನ ಸೇವೆಯಲ್ಲಿ,
ಟ್ರಸ್ಟಿಗಳು, ಬೆಂಗಳೂರು