ಮುಳ್ಳು ಯಾವ ಕಡೆಗೆ ಸುಳ್ಳು ಹೇಳುತ್ತಿದೆ, ಮೊದಲು ಅದನ್ನು ನೋಡು

ಪುಟ್ಟಿ,

ಶಿರಾಡಿ ಘಾಟಿಯಲ್ಲಿ ರಾತ್ರಿ ಅಜ್ಜನ ಅಂಬಾಸಿಡರ್ ನಿಂತುಹೋಯಿತು ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಪೆಟ್ರೋಲ್ ಮೀಟರಿನ ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿತ್ತಂತೆ, ಒಳಗೆ ತೊಟ್ಟೂ ಇರಲಿಲ್ಲವಂತೆ. ಇನ್ನೊಮ್ಮೆ ಹಾಗಾಗಬಾರದು. ಅದಕ್ಕೇ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದು.

ಹೊಸ ಮೀಟರ್ ಈಗಲೇ ತರಿಸಬೇಡ. ಗ್ಯಾರೇಜಿನಲ್ಲಿ ಅದನ್ನೇ ಹೇಳಿರುತ್ತಾರೆ, ಅಲ್ವಾ? ನನಗೂ ಹಿಂದೆ ಒಬ್ಬರು ಹಾಗೇ ಹೇಳಿ ಬದಲಾಯಿಸಿದರು. ದುಡ್ಡು ಹೋಯಿತು, ಮುಳ್ಳು ಮೊದಲಿನ ಹಾಗೇ ಇತ್ತು. ಕೊನೆಗೆ ನೋಡಿದರೆ ಟ್ಯಾಂಕಿನ ಅರ್ಥಿಂಗ್ ವೈರಿನ ಬುಡ ತುಕ್ಕು ಹಿಡಿದಿತ್ತು, ಅಷ್ಟೇ.

ಟ್ಯಾಂಕಿನೊಳಗೆ ಒಂದು ಫ್ಲೋಟ್ ತೇಲುತ್ತಿರುತ್ತದೆ. ಅದರ ಕಡ್ಡಿ ಮೇಲೆ ಕೆಳಗೆ ಆಡಿದ ಹಾಗೆ ತೆಳು ತಂತಿಯ ಸುರುಳಿಯ ಮೇಲೆ ಒಂದು ಪುಟ್ಟ ತಗಡು ಸರಿಯುತ್ತದೆ, ಕರೆಂಟಿಗೆ ಅಡ್ಡಿ ಹೆಚ್ಚು ಕಡಿಮೆ ಆಗುತ್ತದೆ, ಅದನ್ನೇ ಮುಳ್ಳು ತೋರಿಸುವುದು. ಈ ಫ್ಲೋಟ್, ಕಡ್ಡಿ, ಸುರುಳಿ ಸೇರಿದ್ದೇ ಟ್ಯಾಂಕ್ ಯೂನಿಟ್. ಫ್ಲೋಟ್ ತೂತಾಗಿ ಒಳಗೆ ಪೆಟ್ರೋಲ್ ಹೊಕ್ಕಿದ್ದರೆ ಅದು ಮುಳುಗಿ, ಮುಳ್ಳು ಕಡಿಮೆ ತೋರಿಸಬೇಕಿತ್ತು. ನಿನ್ನದು ಜಾಸ್ತಿ ತೋರಿಸಿದೆ. ಹಾಗಾಗಿ ಕಡ್ಡಿ ಎಲ್ಲೋ ಸಿಕ್ಕಿಕೊಂಡಿರಬೇಕು ಅಥವಾ ಬಾಗಿರಬೇಕು, ಇಲ್ಲವೇ ಅರ್ಥಿಂಗ್ ಕೆಟ್ಟಿರಬೇಕು, ಇಲ್ಲವೇ ಮೀಟರಿಗೆ ಬರುವ ವೋಲ್ಟೇಜೇ ಏರಿರಬೇಕು.

ನಮ್ಮ ಕಾರಿನ ಡ್ಯಾಶ್‌ಬೋರ್ಡ್ ಮಧ್ಯೆ ಒಮ್ಮೆ ಬದಲಾಗಿದೆ, ಆದ್ದರಿಂದ ಮೀಟರ್ ಯಾವ ಜಾತಿಯದು ಎಂದು ನೀನೇ ಗುರುತಿಸಬೇಕು. ಕೀ ಆನ್ ಮಾಡಿದ ತಕ್ಷಣ ಮುಳ್ಳು ಚಿಮ್ಮಿ ನಿಂತರೆ ಅದು ಹಳೆಯ ಕಾಯಿಲ್ ಜಾತಿ. ನಿಧಾನಕ್ಕೆ, ನಿದ್ದೆಯಿಂದ ಏಳುವ ಹಾಗೆ ಏರಿದರೆ ಬಿಸಿಗೆ ಬಾಗುವ ಪಟ್ಟಿ ಇರುವುದು. ಎರಡನೆಯ ಜಾತಿಯ ಹಿಂದೆ ಸಾಮಾನ್ಯವಾಗಿ ಒಂದು ಪುಟ್ಟ ಡಬ್ಬಿ ಇರುತ್ತದೆ, ಸ್ಟೆಬಿಲೈಸರ್, 12 ವೋಲ್ಟನ್ನು ಸರಾಸರಿ 10ಕ್ಕೆ ಇಳಿಸುವಂಥದ್ದು. ಅದು ಕೆಟ್ಟರೆ ಪೆಟ್ರೋಲ್ ಮುಳ್ಳಿನ ಜೊತೆ ಟೆಂಪರೇಚರ್ ಮುಳ್ಳೂ ಮೇಲೇರಿರುತ್ತದೆ. ಎರಡೂ ಒಟ್ಟಿಗೆ ಏರಿದ್ದರೆ ಟ್ಯಾಂಕ್ ಮುಟ್ಟಲೇಬೇಡ, ಡಬ್ಬಿ ನೋಡು.

ಇಲ್ಲದಿದ್ದರೆ ಕಾರನ್ನು ಬಯಲಿನಲ್ಲಿ ನಿಲ್ಲಿಸು. ಕೀ ಆಫ್ ಇರಲಿ. ಟ್ಯಾಂಕ್ ಯೂನಿಟ್ಟಿನ ವೈರ್ ಬಿಚ್ಚಿ, ಅದರ ತುದಿಗೆ ಇನ್ನೊಂದು ವೈರ್ ಜೋಡಿಸಿ ಟ್ಯಾಂಕಿನಿಂದ ದೂರಕ್ಕೆ ಎಳೆದು ಬಾಡಿಯ ಬರಿ ಕಬ್ಬಿಣಕ್ಕೆ ಬಿಗಿಯಾಗಿ ಕಟ್ಟು, ಆಮೇಲಷ್ಟೇ ಕೀ ಆನ್ ಮಾಡು. ಕೀ ಆನ್ ಇರುವಾಗ ವೈರ್ ತಾಗಿಸಿ ನೋಡುವವರನ್ನು ಕಂಡಿದ್ದೇನೆ, ಕಿಡಿ ಹಾರುತ್ತದೆ, ಪೆಟ್ರೋಲ್ ಆವಿ ಇರುವ ಕಡೆ ಆ ಕೆಲಸ ನೀನು ಖಂಡಿತ ಮಾಡಕೂಡದು. ಮುಳ್ಳು ಒಂದು ತುದಿಗೆ ಹೋಗಬೇಕು. ಮತ್ತೆ ಆಫ್ ಮಾಡಿ, ವೈರ್ ಬಿಚ್ಚಿಟ್ಟು ಆನ್ ಮಾಡಿದರೆ ಇನ್ನೊಂದು ತುದಿಗೆ ಹೋಗಬೇಕು. ಯಾವ ತುದಿ ಎನ್ನುವುದು ಎರಡು ಜಾತಿಯಲ್ಲಿ ಉಲ್ಟಾ, ಅದಕ್ಕೆ ಗಾಬರಿಯಾಗಬೇಡ. ಎರಡೂ ತುದಿ ಮುಟ್ಟಿದರೆ ಮೀಟರ್, ವೈರ್ ಎರಡೂ ಚೆನ್ನಾಗಿವೆ. ತುಂಬ ಹೊತ್ತು ಆನ್ ಇಡಬೇಡ.

ಆಮೇಲೆ ಅರ್ಥಿಂಗ್. ಹೋದ ಮಳೆಗಾಲಕ್ಕೆ ಮೊದಲು ಕಾರಿನ ಅಡಿಗೆಲ್ಲ ಕಪ್ಪು ಬಣ್ಣ ಹೊಡೆಸಿದೆಯಲ್ಲ, ನನಗೆ ಅನುಮಾನ ಅಲ್ಲೇ. ಟ್ಯಾಂಕ್ ಬಾಡಿಗೆ ಕೂರುವ ಬೋಲ್ಟಿನ ಸುತ್ತ ಎಮೆರಿ ಪೇಪರಿನಲ್ಲಿ ಉಜ್ಜು. ಕಪ್ಪು ಹೋಗಿ, ಕೆಂಪು ತುಕ್ಕು ಹೋಗಿ, ವಾಶರ್ ಅಗಲದ ಬೆಳ್ಳಗಿನ ಬಳೆ ಹೊಳೆಯುವವರೆಗೂ ಉಜ್ಜು. ಮುಕ್ಕಾಲು ಪಾಲು ಇಷ್ಟಕ್ಕೇ ಸರಿಯಾಗುತ್ತದೆ ಎಂದು ನನಗನ್ನಿಸುತ್ತದೆ.

ಆಗದಿದ್ದರೆ ಯೂನಿಟ್ ಹೊರಗೆ ತೆಗೆಯಬೇಕು. ಅದನ್ನು ಒಬ್ಬಳೇ ಮಾಡಬೇಡ, ಬ್ಯಾಟರಿ ಬಿಚ್ಚಿಸಿ ಮೆಕ್ಯಾನಿಕ್ ಕೈಲಿ ಮಾಡಿಸು, ಪಕ್ಕದಲ್ಲೇ ನಿಂತು ನೋಡು. ಕಡ್ಡಿಯನ್ನು ಬೆರಳಲ್ಲಿ ಮೆಲ್ಲಗೆ ಎತ್ತುವಾಗ ಮಲ್ಟಿಮೀಟರಿನಲ್ಲಿ ಓಮ್ ಸಲೀಸಾಗಿ ಬದಲಾಗಬೇಕು, ನಡುವೆ ಹಾರಿದರೆ ಸುರುಳಿ ಸವೆದಿದೆ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸು, ಒಳಗೆ ಕುಲುಕಿದ ಸದ್ದು ಬಂದರೆ ಅದೂ ಹೋಗಿದೆ, ಸುಮ್ನೆ ಬೆಸುಗೆ ಹಾಕಿಸಬೇಡ, ಒಳಗಿನ ಆವಿ ಸಿಡಿಯುತ್ತದೆ. ಗ್ಯಾಸ್ಕೆಟ್ ಎಥೆನಾಲ್ ತಡೆಯುವಂಥದ್ದೇ ಹಾಕಿಸು. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಇ20, ಅಂದರೆ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್, ಈಗ ಎಲ್ಲ ಕಡೆ ಬಂದಿದೆ, ಹಳೆಯ ರಬ್ಬರಿಗೆ ಅದು ಒಗ್ಗುವುದಿಲ್ಲ.

ಸರಿಹೋದ ಮೇಲೂ ಒಂದು ಕೆಲಸವಿದೆ. ಟ್ಯಾಂಕ್ ಹಿಡಿಯುವುದು ಸುಮಾರು 54 ಲೀಟರ್. ಖಾಲಿ ಇದ್ದಾಗ ಸಮತಟ್ಟಾದ ಜಾಗದಲ್ಲಿ 5 ಲೀಟರ್ ಹಾಕು, ಎರಡು ನಿಮಿಷ ಬಿಟ್ಟು ಮುಳ್ಳು ಎಲ್ಲಿ ನಿಂತಿದೆ ಬರೆದುಕೋ, ಮತ್ತೆ 5 ಲೀಟರ್. ಅರ್ಧದವರೆಗೆ ಮಾಡಿದರೆ ಸಾಕು, ಬೇಕಾಗುವುದು ಕೆಳಗಿನ ಲೆಕ್ಕವೇ. ಘಾಟಿಯ ಏರಿನಲ್ಲಿ ಪೆಟ್ರೋಲ್ ಒಂದು ಕಡೆ ಸರಿದು ಮುಳ್ಳು ಏನೇನೋ ತೋರಿಸುತ್ತದೆ, ಆಗ ಅದನ್ನು ನೋಡಲೇಬೇಡ.

ಅಲ್ಲಿಯವರೆಗೆ ಉಪ್ಪಿನಂಗಡಿ ದಾಟುವ ಮೊದಲು ಟ್ಯಾಂಕ್ ತುಂಬಿಸಿಕೋ, ಕಿಲೋಮೀಟರ್ ಬರೆದಿಡು. ಭಯಕ್ಕೆ ಡಿಕ್ಕಿಯಲ್ಲಿ ಕ್ಯಾನಿನ ತುಂಬ ಪೆಟ್ರೋಲ್ ಇಟ್ಟುಕೊಂಡು ಓಡಾಡಬೇಡ. ಬಿಚ್ಚಿದ ಹಳೆಯ ಯೂನಿಟ್ ಎಸೆಯಬೇಡ, ದೀಪಾವಳಿಗೆ ಬಂದಾಗ ನಾನು ನೋಡುತ್ತೇನೆ.

ನಿನ್ನ ದೊಡ್ಡಪ್ಪ