ನೀನು ಬಾರದ ಪ್ರಾಗ್

ಪ್ರಿಯ ಗೆಳೆಯಾ,

ಪ್ರಾಗ್‌ನ ಫ್ಲೋರೆಂಟ್ಸ್ ಬಸ್ ನಿಲ್ದಾಣದಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ವಿಯೆನ್ನಾ ಬಸ್ಸಿಗೆ ಇನ್ನೂ ಎರಡು ಗಂಟೆ ಇದೆ. ಬೆನ್ನುಚೀಲವನ್ನು ಕೆಳಗಿಟ್ಟು ಅದರ ಪಟ್ಟಿಯನ್ನು ಕಾಲಿಗೆ ಸುತ್ತಿಕೊಂಡಿದ್ದೇನೆ. ಸಾಗರದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ನೀನು ನೋಡಿ ನಗುತ್ತಿದ್ದೆಯಲ್ಲ, ಅದೇ ಚಾಳಿ.

ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಹೊರಡಲು ಹನ್ನೊಂದು ದಿನ ಇದೆ ಎನ್ನುವಾಗ ‘ಆಡಿಟ್ ಬಂತು, ರಜೆ ಸಿಗಲಿಲ್ಲ’ ಎಂದು ನೀನು ಫೋನ್ ಮಾಡಿದಾಗ ಬಂದ ಸಿಟ್ಟು ವಿಮಾನ ಹತ್ತುವವರೆಗೂ ಇಳಿದಿರಲಿಲ್ಲ. ಎರಡು ವರ್ಷ ಇಬ್ಬರೂ ಸೇರಿ ದುಡ್ಡು ಕೂಡಿಟ್ಟಿದ್ದೆವು. ಸಿಟ್ಟು ಬರದೆ ಇರುತ್ತದೆಯೇ? ಆದರೆ ಈಗ, ಐದು ದಿನ ಕಳೆದ ಮೇಲೆ, ನೀನು ಬಾರದಿದ್ದದ್ದೇ ಒಳ್ಳೆಯದಾಯಿತು ಎನಿಸುತ್ತಿದೆ. ಬಂದಿದ್ದರೆ ನಾವಿಬ್ಬರೂ ಕನ್ನಡದಲ್ಲೇ ಹರಟುತ್ತಾ, ಊರಿನ ಸುದ್ದಿಯನ್ನೇ ಮೆಲುಕು ಹಾಕುತ್ತಾ ಪ್ರಾಗನ್ನು ಒಂದು ಸುತ್ತು ಹಾಕಿ ಬಂದಿರುತ್ತಿದ್ದೆವು. ಪಕ್ಕದ ಮಂಚದವರ ಹೆಸರನ್ನೂ ಕೇಳುತ್ತಿರಲಿಲ್ಲ. ಬೈಯಬೇಡ, ಪೂರ್ತಿ ಓದು.

ಹಾಸ್ಟೆಲ್ಲಿನದು ಎಂಟು ಮಂಚದ ಕೋಣೆ. ನನ್ನದು ಮೇಲಿನ ಮಂಚ. ಕೆಳಗಿನದರಲ್ಲಿ ಅರ್ಜೆಂಟೀನಾದ ಒಬ್ಬ ನಿವೃತ್ತ ಟೀಚರ್, ಅರವತ್ತೇಳು ವರ್ಷದವರು. ನಾನು ಮಗ್ಗುಲು ಬದಲಿಸಿದರೆ ಸಾಕು, ಅವರ ಮಂಚವೂ ಕಿರುಗುಟ್ಟುತ್ತಿತ್ತು. ಮೊದಲ ರಾತ್ರಿ ನಾಲ್ಕು ಸಲ ‘ಕ್ಷಮಿಸಿ’ ಎಂದೆ. ಐದನೆಯ ಸಲಕ್ಕೆ ಅವರು ಕತ್ತಲೆಯಲ್ಲೇ ನಗಲಾರಂಭಿಸಿದರು. ಸ್ನೇಹ ಆಗಿದ್ದು ಹಾಗೆ. ಎದುರಿನ ಮಂಚದಲ್ಲಿ ಕೊರಿಯಾದ ಹುಡುಗ, ಕಡ್ಡಾಯ ಸೈನ್ಯಸೇವೆ ಮುಗಿಸಿಕೊಂಡು ನೇರ ತಿರುಗಾಟಕ್ಕೆ ಹೊರಟವನು. ಕಿಟಕಿಯ ಪಕ್ಕ ಬ್ರನೋ ಊರಿನ ಹುಡುಗಿ. ಅವಳು ಈ ಚೆಕ್ ದೇಶದವಳೇ, ಕೆಲಸದ ಸಂದರ್ಶನಕ್ಕೆ ಬಂದಿದ್ದಳು.

ನಮ್ಮನ್ನು ಒಟ್ಟುಗೂಡಿಸಿದ್ದು ನಿಮ್ಮಮ್ಮ ಕೊಟ್ಟ ಚಟ್ನಿಪುಡಿ ಎಂದರೆ ನಂಬುತ್ತೀಯಾ? ನನ್ನಂಥ ಸಸ್ಯಾಹಾರಿಗೆ ಇಲ್ಲಿನ ಹೋಟೆಲುಗಳಲ್ಲಿ ಸುಲಭವಾಗಿ ಸಿಗುವುದು ಕರಿದ ಚೀಸು, ಅದರ ಜೊತೆಗೆ ಆಲೂಗಡ್ಡೆ. ಎರಡನೆಯ ದಿನಕ್ಕೇ ಸಾಕಾಯಿತು. ಸಂಜೆ ಹಾಸ್ಟೆಲ್ಲಿನ ಅಡುಗೆಮನೆಗೆ ಹೋದರೆ ಬ್ರನೋ ಹುಡುಗಿ ‘ಕ್ನೆಡ್ಲಿಕಿ’ ಬಿಸಿಮಾಡುತ್ತಿದ್ದಳು. ಮೈದಾಹಿಟ್ಟಿಗೆ ಬ್ರೆಡ್ಡಿನ ಚೂರು ಸೇರಿಸಿ, ತೋಳಿನಷ್ಟು ದಪ್ಪಕ್ಕೆ ಉರುಳೆ ಮಾಡಿ ಬೇಯಿಸಿದ ಒಂದು ಬಗೆಯ ಕಡುಬು ಅದು. ಚಾಕು ಹಾಕಿದರೆ ಹಿಟ್ಟು ಒತ್ತಿಹೋಗುತ್ತದಂತೆ. ಅದಕ್ಕೇ ಹೊಲಿಗೆಯ ದಾರ ತೆಗೆದು ಉರುಳೆಯ ಅಡಿಯಿಂದ ತೂರಿಸಿ, ಎರಡೂ ತುದಿಗಳನ್ನು ಮೇಲೆ ಅಡ್ಡಹಾಯಿಸಿ ಎಳೆದಳು. ಬಿಲ್ಲೆ ಸದ್ದಿಲ್ಲದೆ ಪಕ್ಕಕ್ಕೆ ಮಲಗಿತು, ಅದರ ಒಂದೊಂದು ರಂಧ್ರವೂ ಹಾಗೆಯೇ ತೆರೆದುಕೊಂಡಿತ್ತು. ನಾನು ಡಬ್ಬಿ ತೆಗೆದು, ತುಪ್ಪದ ಬದಲಿಗೆ ಬೆಣ್ಣೆ ಸವರಿ, ಮೇಲೆ ಪುಡಿ ಉದುರಿಸಿ ಬಾಯಿಗಿಟ್ಟೆ. ಗೆಳೆಯಾ, ಆ ಬಿಲ್ಲೆ ಹುಟ್ಟಿದ್ದೇ ಚಟ್ನಿಪುಡಿಗಾಗಿ!

ಕೊರಿಯಾದವನು ವಾಸನೆ ಹಿಡಿದು ಬಂದ. ಡಬ್ಬಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ಏನು ಬರೆದಿದೆ ಎಂದು ಕೇಳಿದ. ನಿಮ್ಮಮ್ಮ ನನ್ನ ಪಾಲು ನಿನ್ನ ಪಾಲು ಬೇರೆಯಾಗಲೆಂದು ಅದರ ಮೇಲೆ ನಿನ್ನ ಹೆಸರು ಬರೆದಿದ್ದರು. ಓದಿ ಹೇಳಿದೆ. ಅವನು ಅದನ್ನು ಪುಡಿಯ ಹೆಸರು ಎಂದುಕೊಂಡ. ತಿದ್ದುವಷ್ಟರಲ್ಲಿ ಟೀಚರ್ ಕೂಡ ‘ನನಗೂ ಸ್ವಲ್ಪ’ ಎಂದು ನಿನ್ನ ಹೆಸರು ಹಿಡಿದೇ ಕೇಳಿದರು. ಸುಮ್ಮನಾದೆ.

ಮರುದಿನ ಬ್ರನೋ ಹುಡುಗಿ ನನ್ನನ್ನು ಹಳೆಯ ಪುರಭವನದ ಗಡಿಯಾರದ ಬಳಿಗೆ ಕರೆದುಕೊಂಡು ಹೋದಳು. ಸಂಜೆ ಏಳಕ್ಕೆ ಅಲ್ಲಿ ಜಾತ್ರೆ. ಗಂಟೆ ತುಂಬುತ್ತಿದ್ದಂತೆ ಗಡಿಯಾರದ ಬೊಂಬೆಗಳು ಕದಲಿದವು: ಅಸ್ಥಿಪಂಜರ ಹಗ್ಗ ಜಗ್ಗಿತು, ಕಿಟಕಿಗಳಲ್ಲಿ ಯೇಸುವಿನ ಶಿಷ್ಯರು ಒಬ್ಬೊಬ್ಬರಾಗಿ ಸರಿದುಹೋದರು, ಕೋಳಿ ಕೂಗಿತು. ಎಲ್ಲ ಒಂದು ನಿಮಿಷದಲ್ಲಿ ಮುಗಿದು, ಜನ ಮೊಬೈಲು ಇಳಿಸಿ ಚದುರಿದರು. ‘ಈಗ ಗಡಿಯಾರ ನೋಡು’ ಎಂದಳು ಅವಳು. 1410ರಲ್ಲಿ ಕೂರಿಸಿದ ಈ ಗಡಿಯಾರದ ಹೊರಬಳೆಯಲ್ಲಿ 24 ಅಂಕಿಗಳಿವೆ. ಅದು ಹಿಂದಿನ ದಿನದ ಸೂರ್ಯಾಸ್ತದಿಂದ ಎಷ್ಟು ಗಂಟೆ ಕಳೆಯಿತು ಎಂಬುದನ್ನು ತೋರಿಸುತ್ತದೆ. ಸೂರ್ಯ ಮುಳುಗುವ ಹೊತ್ತು ದಿನದಿನಕ್ಕೂ ಬದಲಾಗುವುದರಿಂದ ಬಳೆಯೂ ವರ್ಷವಿಡೀ ಮೆಲ್ಲನೆ ಆಚೀಚೆ ಸರಿಯುತ್ತದೆ. ಮೇ ತಿಂಗಳಲ್ಲಿ ಇಲ್ಲಿ ಕತ್ತಲಾಗುವುದು ಒಂಬತ್ತರ ಹೊತ್ತಿಗೆ. ಮುಳ್ಳು 22ನ್ನು ದಾಟಿತ್ತು. ಒಳಗಿನ ಬಾಗಿದ ಚಿನ್ನದ ಗೆರೆಗಳು ಹಗಲನ್ನು ಹನ್ನೆರಡು ಪಾಲು ಮಾಡುತ್ತವೆ. ಬೇಸಿಗೆಯ ಪಾಲು ದೊಡ್ಡದು, ಚಳಿಗಾಲದ್ದು ಸಣ್ಣದು. ಜೊತೆಗೆ ಸೂರ್ಯ, ಚಂದ್ರ, ಹನ್ನೆರಡು ರಾಶಿ. ನನಗೆ ಮೈ ಜುಮ್ಮೆಂದಿತು. ನಮ್ಮಜ್ಜ ಸೂರ್ಯೋದಯದಿಂದ ಘಳಿಗೆ ಎಣಿಸುತ್ತಿದ್ದರು, ಹಗಲನ್ನು ಎಂಟು ಪಾಲು ಮಾಡಿ ರಾಹುಕಾಲ ತೆಗೆಯುತ್ತಿದ್ದರು. ಇದು ಗೋಡೆಗೆ ತಗುಲಿಹಾಕಿದ ಪಂಚಾಂಗವೇ!

ಗಡಿಯಾರ ಮಾಡಿದವನು ಇನ್ನೊಂದನ್ನು ಮಾಡಬಾರದೆಂದು ಊರಿನ ಹಿರಿಯರು ಅವನ ಕಣ್ಣು ಕೀಳಿಸಿದರು ಎಂಬ ಕಥೆ ಇಲ್ಲಿದೆ. ಶುದ್ಧ ಕಟ್ಟುಕಥೆಯಂತೆ. ನಾನು ಜಕಣಾಚಾರಿ ಕೈ ಕತ್ತರಿಸಿಕೊಂಡ ಕಥೆ ಹೇಳಿದೆ. ‘ನಿಮ್ಮವನು ತಾನೇ ಕತ್ತರಿಸಿಕೊಂಡನೇ? ನಿಮ್ಮ ಊರಿನ ಹಿರಿಯರು ವಾಸಿ’ ಎಂದಳು.

ಕೋಟೆಯ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ, ನೂಕುನುಗ್ಗಲಿನಲ್ಲಿ ನನಗೇನೂ ದಕ್ಕಲಿಲ್ಲ. ಅಲ್ಲಿನ ಸೇಂಟ್ ವೀಟಸ್ ಚರ್ಚಿನ ಕೆಲಸ 1344ರಲ್ಲಿ ಶುರುವಾಗಿ 1929ರಲ್ಲಿ ಮುಗಿಯಿತು ಎಂದು ತಿಳಿದ ಮೇಲೆ ನಮ್ಮ ಬೀದಿಯ ಚರಂಡಿ ಕೆಲಸದ ಬಗ್ಗೆ ಸ್ವಲ್ಪ ಸಮಾಧಾನವಾಯಿತು. ಬಿಯರ್ ಮುಟ್ಟಲಿಲ್ಲ ಎಂದರೆ ನೀನು ನಂಬುವುದಿಲ್ಲ, ಆದ್ದರಿಂದ ಆ ಮಾತೂ ಬೇಡ.

ಸೇತುವೆಗೆ ಮಾತ್ರ ಬೆಳಗಿನ ಜಾವವೇ ಹೋಗಬೇಕು. ನಸುಕಿನಲ್ಲಿ ಕೊರಿಯಾದವನು ಎಬ್ಬಿಸಿದ. ಚಾರ್ಲ್ಸ್ ಸೇತುವೆಗೆ ಇಲ್ಲಿನ ರಾಜ ನಾಲ್ಕನೆಯ ಚಾರ್ಲ್ಸ್ ಶಂಕುಸ್ಥಾಪನೆ ಮಾಡಿದ್ದು 1357ರಲ್ಲಿ, 9ನೆಯ ತಾರೀಕು, 7ನೆಯ ತಿಂಗಳು, ಬೆಳಿಗ್ಗೆ 5 ಗಂಟೆ 31 ನಿಮಿಷಕ್ಕೆ ಎಂದು ಹೇಳಿಕೆ. ಸಾಲಾಗಿ ಬರೆದು ನೋಡು: 1 3 5 7 9 7 5 3 1. ಹಿಂದೆ ಮುಂದೆ ಹೇಗೆ ಓದಿದರೂ ಒಂದೇ. ಅದೇ 5.31ಕ್ಕೆ ಅಲ್ಲಿ ನಿಲ್ಲಬೇಕೆಂಬುದು ಅವನ ಹಟ. ನಿಂತೆವು. ವ್ಲತಾವಾ ನದಿಯ ಮೇಲೆ ತೆಳುವಾದ ಮಂಜು, 516 ಮೀಟರ್ ಉದ್ದದ ಕಲ್ಲುಹಾಸಿನ ಮೇಲೆ ನಮ್ಮದೇ ಹೆಜ್ಜೆಯ ಸದ್ದು, ಎರಡೂ ಬದಿಗೆ ಮೂವತ್ತು ವಿಗ್ರಹಗಳು. ನಾನು ‘ಮುಹೂರ್ತ’ ಎಂಬುದನ್ನು ವಿವರಿಸಿದೆ. ಅವನ ಮೊಬೈಲು ಏನೆಂದು ಅನುವಾದಿಸಿತೋ ಗೊತ್ತಿಲ್ಲ, ‘ನಮ್ಮಲ್ಲೂ ಮನೆ ಬದಲಿಸಲು ದಿನ ನೋಡುತ್ತಾರೆ’ ಎಂದ. ಗಾರೆಗೆ ಮೊಟ್ಟೆ ಬೆರೆಸಲು ರಾಜ ಊರೂರಿನಿಂದ ಮೊಟ್ಟೆ ತರಿಸಿದನಂತೆ. ವೆಲ್ವರಿ ಎಂಬ ಊರಿನವರು ದಾರಿಯಲ್ಲಿ ಒಡೆಯದಿರಲೆಂದು ಬೇಯಿಸಿ ಕಳಿಸಿದರಂತೆ! ಅಂಥವರು ನಮ್ಮ ತಾಲ್ಲೂಕಿನಲ್ಲೂ ಇದ್ದಾರೆ, ಹೆಸರು ಬೇಡ.

ಅರ್ಜೆಂಟೀನಾದ ಟೀಚರ್ ಪ್ರಾಗ್‌ಗೆ ಬಂದದ್ದು ಊರು ನೋಡಲು ಅಲ್ಲ. ಅವರ ಅಜ್ಜಿ ಯುದ್ಧಕ್ಕೆ ಮೊದಲೇ ಇಲ್ಲಿಂದ ಹೊರಟು ಹಡಗು ಹತ್ತಿದವರು. ಅಜ್ಜಿಯ ತಂಗಿ ಇಲ್ಲೇ ಉಳಿದರು. ಶನಿವಾರ ಯಹೂದಿ ವಸ್ತುಸಂಗ್ರಹಾಲಯಕ್ಕೆ ರಜೆ ಎಂಬುದು ತಿಳಿಯದೆ ಹೋಗಿ ವಾಪಸ್ಸು ಬಂದಿದ್ದರು. ಭಾನುವಾರ ‘ಜೊತೆಗೆ ಬರುತ್ತೀಯಾ’ ಎಂದರು. ಪಿಂಕಾಸ್ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾಮಂದಿರದ ಒಳಗೋಡೆಗಳ ತುಂಬ ಹೆಸರುಗಳೇ. ನಾತ್ಸಿಗಳು ಕೊಂದ, ಈ ದೇಶದ ಪ್ರಾಂತ್ಯಗಳಾದ ಬೊಹೆಮಿಯಾ, ಮೊರಾವಿಯಾದ ಸುಮಾರು 78,000 ಯಹೂದಿಗಳ ಹೆಸರನ್ನು ಕುಂಚದಿಂದ, ಕೈಯಲ್ಲೇ ಬರೆದಿದ್ದಾರೆ. ಊರು, ಮನೆತನ, ಹೆಸರು, ಹುಟ್ಟಿದ ದಿನ, ಆಮೇಲೆ ಅವರು ಬದುಕಿದ್ದರೆಂದು ಗೊತ್ತಿರುವ ಕೊನೆಯ ದಿನ. ದೂರದಿಂದ ಬೂದುಬಣ್ಣದ ಬಟ್ಟೆ ಹೊದಿಸಿದಂತೆ ಕಾಣುತ್ತದೆ, ಹತ್ತಿರ ಹೋದರೆ ಅಕ್ಷರ. ಅವರು ಒಂದು ಗೋಡೆಯ ಮುಂದೆ ನಿಂತು ಬೆರಳನ್ನು ಗೋಡೆಗೆ ತಾಗಿಸದೆ, ಗಾಳಿಯಲ್ಲೇ ಸಾಲಿನಿಂದ ಸಾಲಿಗೆ ಇಳಿಸುತ್ತಾ ಹೋದರು. ನಲವತ್ತು ನಿಮಿಷವಾದರೂ ಆಗಿರಬೇಕು. ಆಮೇಲೆ ಬೆರಳು ನಿಂತಿತು. ಅವರು ಅಳಲಿಲ್ಲ. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು, ಅಷ್ಟೆ. ನಾನು ಅದನ್ನು ಹಿಡಿದುಕೊಂಡು ನಿಂತಿದ್ದೆ.

ಆ ರಾತ್ರಿ ಅಡುಗೆಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಬ್ರನೋ ಹುಡುಗಿ ಮಾತ್ರ ಅವರಮ್ಮನ ಕಥೆ ಹೇಳಿದಳು: 1989ರ ನವೆಂಬರಿನಲ್ಲಿ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಜನ ಚೌಕಗಳಲ್ಲಿ ಸೇರಿ ಮನೆಯ ಬೀಗದ ಕೈಗಳನ್ನು ಆಡಿಸುತ್ತಿದ್ದರಂತೆ, ‘ಹೊತ್ತಾಯಿತು, ಇನ್ನು ಹೊರಡಿ’ ಎಂದು. ಹೇಳುತ್ತಾ ಕೋಣೆಯ ಕೀಲಿಕೈ ಗೊಂಚಲನ್ನು ಕಿವಿಯ ಬಳಿ ಅಲ್ಲಾಡಿಸಿದಳು. ಟೀಚರ್ ಆ ದಿನ ಮೊದಲ ಸಲ ನಕ್ಕರು.

ನಿನ್ನೆ ಅವರಿಬ್ಬರೂ ಹೊರಟರು. ಟೀಚರ್ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಸಿಕೊಂಡು, ‘ಎಷ್ಟು ದುಂಡಗಿದೆ!’ ಎಂದು ಆ ಕಾಗದವನ್ನು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡರು. ಬ್ರನೋ ಹುಡುಗಿಗೆ ಕೆಲಸ ಸಿಕ್ಕಿದರೆ ತಿಳಿಸುವಳಂತೆ.

ನಿಮ್ಮಮ್ಮನಿಗೆ ಹೇಳು, ನನ್ನ ಪಾಲೂ ನಿನ್ನ ಪಾಲೂ ಮುಗಿಯಿತು. ಡಬ್ಬಿಯ ತಳದಲ್ಲಿ ನಾಲ್ಕು ಚಮಚದಷ್ಟು ಉಳಿದಿತ್ತು. ಕೊರಿಯಾದವನು ಇವತ್ತು ಬೆಳಿಗ್ಗೆ ನಿನ್ನನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿಕೊಂಡು ಬುಡಾಪೆಸ್ಟ್ ರೈಲು ಹತ್ತಿದ.

ನಿನ್ನ ಗೆಳೆಯ